ಮನೆಯೇ ಚಿತ್ರಮಂದಿರ, ಅರಳೇ ಉಪಾಹಾರ

ಶನಿವಾರದ ರಾತ್ರಿ. ಗಂಟೆ ಒಂಬತ್ತನ್ನು ಸಮೀಪಿಸುತ್ತಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಸಾಧಾರಣ ಗೃಹಸ್ಥರ ಒಂದು ಮನೆ. ಊಟ ಮುಗಿದಿದೆ. ಮನೆಯ ಯಜಮಾನರು ಮಲಗುವ ಕೋಣೆಯಲ್ಲಿ ದಿಂಬಿಗೊರಗಿ, ಅಂಗೈಯಗಲದ ತೆರೆಯ ಮೇಲೆ ಕ್ರಿಕೆಟ್ ಪಂದ್ಯವನ್ನು ನೋಡುತ್ತಿದ್ದಾರೆ. ಗೃಹಿಣಿ ಅಡಿಗೆಮನೆಯ ಕಟ್ಟೆಯ ಮೇಲೆ ಸಕ್ಕರೆಯ ಡಬ್ಬಿಗೆ ಫೋನನ್ನು ಒರಗಿಸಿಟ್ಟು, ತಪ್ಪಿಹೋದ ಧಾರಾವಾಹಿಯ ಕಂತನ್ನು ಮುಗಿಸಿಕೊಳ್ಳುತ್ತಿದ್ದಾರೆ. ಕಾಲೇಜಿಗೆ ಹೋಗುವ ಮಗಳು ಎರಡೂ ಕಿವಿಗಳನ್ನು ಮುಚ್ಚಿಕೊಂಡು ದೂರದ ಕೊರಿಯ ದೇಶದ ಪ್ರೇಮಕಥೆಯೊಂದರಲ್ಲಿ ಮುಳುಗಿದ್ದಾಳೆ. ಎಂಟನೆಯ ತರಗತಿಯ ಮಗ ಯಾವುದೋ ಮಾಯಾಯುದ್ಧವನ್ನು ಗೆಲ್ಲುವುದರಲ್ಲಿದ್ದಾನೆ. ನಡುಮನೆಯ ಗೋಡೆಯ ಮೇಲೆ ಎಲ್ಲಕ್ಕಿಂತಲೂ ದೊಡ್ಡದಾದ ತೆರೆಯೊಂದಿದೆ. ಅದು ಆರಿದೆ. ಅದರ ಎದುರಿಗೆ ಎಪ್ಪತ್ತೈದು ದಾಟಿದ ಅಜ್ಜಿ ಒಬ್ಬರೇ ಕುಳಿತಿದ್ದಾರೆ. ರಿಮೋಟಿನ ಮೇಲಣ ಅಕ್ಷರಗಳು ಅವರ ಕಣ್ಣಿಗೆ ಕಾಣವು. ಯಾರನ್ನಾದರೂ ಕರೆಯಬಹುದು, ಕರೆದರೆ ಅವರಿಗೆ ತೊಂದರೆಯಾದೀತೆಂದು ಕರೆಯುವುದಿಲ್ಲ.

ಇದು ಯಾರ ಮನೆ ಎಂದು ವಾಚಕರು ಕೇಳಬೇಕಾಗಿಲ್ಲ. ಹೆಸರು ವಿಳಾಸಗಳು ಬೇರೆಯಾದರೂ ಇಂಥ ಮನೆ ಪ್ರತಿಯೊಂದು ಬೀದಿಯಲ್ಲಿಯೂ ಉಂಟು. ಇಲ್ಲಿ ಜಗಳವಿಲ್ಲ, ಯಾರಿಗೆ ಯಾರ ಮೇಲೂ ದ್ವೇಷವಿಲ್ಲ. ಐದು ಜನರ ಮನೆಯಲ್ಲಿ ನಾಲ್ಕು ತೆರೆಗಳು ಬೆಳಗುತ್ತಿವೆ, ಅಷ್ಟೆ. ಐದನೆಯವರು ಕತ್ತಲೆಯಲ್ಲಿ ಉಳಿದಿದ್ದಾರೆ.

ಆ ರಾತ್ರಿ ಒಂದು ಚಿಕ್ಕ ಸಂಗತಿ ನಡೆಯಿತು. ಮಗಳಿಗೆ ಬಾಯಾಡಿಸಬೇಕೆನಿಸಿತು. ಎದ್ದು ಬಂದು ದಪ್ಪ ತಳದ ಪಾತ್ರೆಯನ್ನು ಒಲೆಯ ಮೇಲಿಟ್ಟು, ಎರಡು ಚಮಚ ಎಣ್ಣೆ ಹಾಕಿ, ಒಂದು ಹಿಡಿ ಮುಸುಕಿನ ಜೋಳದ ಕಾಳುಗಳನ್ನು ಸುರಿದು ಮುಚ್ಚಳ ಮುಚ್ಚಿದಳು. ಎರಡು ನಿಮಿಷ ಕಳೆಯಿತು. 'ಪಟ್' ಎಂದು ಒಂದು ಸದ್ದು, ಮತ್ತೊಂದು, ಬಳಿಕ ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂತೆ ಸಾಲುಸಾಲಾಗಿ ಸದ್ದು. ಸದ್ದಿನ ಹಿಂದೆಯೇ ಪರಿಮಳ. ಕಿವಿಗೆ ಬಾಗಿಲು ಹಾಕಬಹುದು, ಮೂಗಿಗೆ ಹಾಕಲಾಗದು. ಮೊದಲು ತಮ್ಮ ಬಂದ. ತರುವಾಯ ತಂದೆ ಬಂದರು. "ಏನೇ ಅದು, ಅಳ್ಳು ಹುರೀತಿದ್ದೀಯಾ?" ಎಂದು ನಡುಮನೆಯಿಂದ ಅಜ್ಜಿ ಕೇಳಿದರು. ಐವರೂ ಒಂದೇ ಪಾತ್ರೆಯ ಸುತ್ತ ನಿಂತು, ಬಿಸಿಯಾರುವ ಮೊದಲೇ ಕೈಹಾಕಿದರು. ಪಾತ್ರೆ ಬರಿದಾದ ಮೇಲೆ, "ಹೇಗೂ ಎಲ್ಲರೂ ಎದ್ದಿದ್ದೇವಲ್ಲ, ಯಾವುದಾದರೂ ಸಿನಿಮಾ ಹಾಕೋಣವೆ?" ಎಂದವನು ಮಗ.

ಮನೆಯಲ್ಲಿಯೇ ಚಲನಚಿತ್ರ, ಜೊತೆಗೆ ಮನೆಯಲ್ಲಿಯೇ ಅರಳಿಸಿದ ಜೋಳ: ಇದು ತೀರ ಸಣ್ಣ ವಿಷಯವೆಂದು ತೋರಬಹುದು. ಆದರೆ ಒಂದು ಸಂಜೆಯ ಕಾಲ ಒಂದು ಕುಟುಂಬವನ್ನು ಒಂದೇ ಕಡೆಗೆ ಮುಖಮಾಡಿ ಕೂಡಿಸುವ ಉಪಾಯ ಯಾವುದೇ ಇರಲಿ, ಅದು ಸಣ್ಣದಲ್ಲ.

ಸಿನಿಮಾ ಒಂದು ಹಬ್ಬವಾಗಿದ್ದ ಕಾಲ

ಕನ್ನಡದ ಪ್ರಥಮ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡುದು 1934ರಲ್ಲಿ. ಅಲ್ಲಿಂದ ಮುಂದಿನ ನಾಲ್ಕೈದು ದಶಕಗಳ ಕಾಲ ಸಿನಿಮಾ ನೋಡುವುದೆಂದರೆ ಮನೆಬಿಟ್ಟು ಹೊರಡುವುದೇ ಆಗಿತ್ತು. ಪಟ್ಟಣದಲ್ಲಿ ಟಾಕೀಸು, ಹಳ್ಳಿಯ ಅಂಚಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ. ಧ್ವನಿವರ್ಧಕದಲ್ಲಿ ಭಕ್ತಿಗೀತೆ ಕೇಳಿಬಂದರೆ ಇನ್ನು ಆಟ ಆರಂಭವಾಗುವುದೆಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ಬೇಗಬೇಗನೆ ಊಟ ಮುಗಿಸಿ, ಮಕ್ಕಳನ್ನು ಹೆಗಲಿಗೇರಿಸಿ, ಹಾಸಲು ಚಾಪೆಯನ್ನೋ ಹಳೆಯ ಸೀರೆಯನ್ನೋ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಮರಳಿನ ನೆಲದ ಮೇಲೆ ಕುಳಿತು, ಕಾಗದದ ಪೊಟ್ಟಣದ ಬಿಸಿ ಕಡಲೆಕಾಯಿಯನ್ನು ಸುಲಿಯುತ್ತ, ರೀಲು ಬದಲಾಗುವವರೆಗೆ ಪಕ್ಕದವರೊಡನೆ ಕಥೆಯನ್ನು ಚರ್ಚಿಸುತ್ತ ನೋಡಿದ ಚಿತ್ರ ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತಿತ್ತು.

ಆ ನೆನಪು ಉಳಿದುದು ಕೇವಲ ಚಿತ್ರದ ಹಿರಿಮೆಯಿಂದಲೇ? ಅಲ್ಲವೆಂದೇ ಹೇಳಬೇಕು. ಮೂರು ಗಂಟೆಯ ಚಿತ್ರಕ್ಕೆ ಮುಂಚೆ ಮೂರು ದಿನಗಳ ನಿರೀಕ್ಷೆಯಿರುತ್ತಿತ್ತು. ಮುಗಿದ ಮೇಲೆ ಮನೆಗೆ ನಡೆಯುವ ದಾರಿಯ ಮಾತಿರುತ್ತಿತ್ತು. ಕಾಯುವುದು, ಹೊರಡುವುದು, ಹಂಚಿ ತಿನ್ನುವುದು, ಮಾತನಾಡುವುದು ಎಲ್ಲವೂ ಸೇರಿ ಅದು ಸಿನಿಮಾ ಎನಿಸಿಕೊಳ್ಳುತ್ತಿತ್ತು.

ಚಿತ್ರವನ್ನು ಮನೆಯೊಳಕ್ಕೆ ತರುವ ಪ್ರಯತ್ನವೂ ಹೊಸದಲ್ಲ. 1923ರಲ್ಲಿ ಕೊಡಕ್ ಸಂಸ್ಥೆಯು 16 ಮಿಲಿಮೀಟರ್ ಅಗಲದ ಫಿಲ್ಮನ್ನೂ, 1932ರಲ್ಲಿ 8 ಮಿಲಿಮೀಟರಿನದನ್ನೂ ಗೃಹಬಳಕೆಗೆಂದೇ ಹೊರತಂದಿತು. ಆದರೆ ಭಾರತದ ಮಧ್ಯಮವರ್ಗದವರಿಗೆ ಅವು ಎಟುಕುವಂಥವಾಗಿರಲಿಲ್ಲ. ಇಲ್ಲಿ ಮನೆಯೊಳಗೆ ಚಲನಚಿತ್ರ ನಿಜವಾಗಿ ಪ್ರವೇಶಿಸಿದುದು ದೂರದರ್ಶನದ ಮೂಲಕ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ಬೀದಿಗೊಂದೋ ಎರಡೋ ಪೆಟ್ಟಿಗೆಗಳಿದ್ದ ದಿನಗಳವು. ವಾರದ ಚಲನಚಿತ್ರಕ್ಕೆ ಅಕ್ಕಪಕ್ಕದ ಮನೆಗಳವರೆಲ್ಲ ಬಂದು, ಕುರ್ಚಿ ಸಾಲದೆ ನೆಲದ ಮೇಲೆ ಕುಳಿತು ನೋಡುತ್ತಿದ್ದರು. ಬಳಿಕ ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನ ಕಾಲ. ಒಂದು ರಾತ್ರಿಯ ಬಾಡಿಗೆ ವ್ಯರ್ಥವಾಗಬಾರದೆಂದು ಎರಡು ಮೂರು ಚಿತ್ರಗಳನ್ನು ಬೆಳಗಿನ ಜಾವದವರೆಗೆ ನೋಡಿದವರುಂಟು. ಆಗಲೂ ತೆರೆ ಒಂದೇ, ನೋಡುವವರು ಹಲವರು. ಪ್ರತಿಯೊಬ್ಬರ ಅಂಗೈಗೂ ಒಂದೊಂದು ತೆರೆ ಬಂದ ಮೇಲೆ ಈ ಲೆಕ್ಕ ತಿರುವುಮುರುವಾಯಿತು. ಈಗ ಚಿತ್ರಗಳು ಹಲವು, ನೋಡುವವನು ಒಬ್ಬ. ಬೇಕಾದಾಗ ಬೇಕಾದುದು ಸಿಕ್ಕುವುದರಿಂದ ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ. ಅನುಕೂಲವೇನೋ ದೊಡ್ಡದೇ, ಆದರೆ ಒಟ್ಟಿಗೆ ಕಾಯುವ ಸುಖ ಅದರೊಡನೆಯೇ ಹೊರಟುಹೋಯಿತು.

ಹೂವಿಗೂ ಕಾಳಿಗೂ ಒಂದೇ ಕ್ರಿಯಾಪದ

ಈ ಕಾಯುವಿಕೆಯನ್ನು ಮನೆಗೆ ಮರಳಿ ತರುವ ಶಕ್ತಿ ಒಂದು ಹಿಡಿ ಕಾಳಿಗೆ ಉಂಟೆಂದರೆ ಅತಿಶಯೋಕ್ತಿಯಾಗಲಾರದು. ಜಗತ್ತೆಲ್ಲ ಪಾಪ್‌ಕಾರ್ನ್ ಎಂದು ಕರೆಯುವ ಈ ತಿನಿಸು ಕನ್ನಡಿಗರಿಗೆ ಪೂರ್ತಿ ಪರದೇಶಿಯೇನೂ ಅಲ್ಲ. ಮೊಗ್ಗು ಹೂವಾಗುವುದಕ್ಕೂ ಕಾಳು ಬಿಸಿಯಲ್ಲಿ ಬಿರಿಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ: ಅರಳು. ಮದುವೆಯ ಲಾಜಹೋಮದಲ್ಲಿ ವಧುವಿನ ಬೊಗಸೆಗೆ ಸೋದರನು ಸುರಿಯುವುದು ಭತ್ತದ ಅರಳನ್ನೇ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಬಂದಿತೆಂದರೆ ಜೋಳವನ್ನು ಹುರಿದು ಅಳ್ಳು ಮಾಡುವ ಸಂಭ್ರಮ. ಬಗೆಬಗೆಯ ಉಂಡೆಗಳ ಜೊತೆಗೆ ಅಳ್ಳು ಇಲ್ಲದ ಪಂಚಮಿ ಅಲ್ಲಿಯವರಿಗೆ ಪಂಚಮಿಯೇ ಅಲ್ಲ. ಆ ಮನೆಯ ಅಜ್ಜಿ, "ಅಳ್ಳು ಹುರೀತಿದ್ದೀಯಾ?" ಎಂದು ಕೇಳಿದುದು ಸುಮ್ಮನೆ ಅಲ್ಲ, ಆ ವಾಸನೆಯಲ್ಲಿ ಅವರ ತವರಿತ್ತು.

ಅಮೆರಿಕ ಖಂಡದ ಕಾಳು ಬೇರೆ, ಈ ನಾಡಿನ ಬಿಳಿಜೋಳ ಬೇರೆ. ಮುಸುಕಿನ ಜೋಳ, ಮೆಕ್ಕೆಜೋಳ, ಗೋವಿನ ಜೋಳ ಎಂದು ಸೀಮೆಗೊಂದು ಹೆಸರು ಪಡೆದಿರುವ ಧಾನ್ಯ ದಕ್ಷಿಣ ಮೆಕ್ಸಿಕೋದಲ್ಲಿ ಸುಮಾರು 9,000 ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಕೃಷಿಗೆ ಬಂದುದು. ಅದನ್ನು ಅರಳಿಸಿ ತಿನ್ನುತ್ತಿದ್ದುದಕ್ಕೆ ಪೆರು ದೇಶದ ಕರಾವಳಿಯಲ್ಲಿ ಸುಮಾರು 6,700 ವರ್ಷಗಳಷ್ಟು ಹಳೆಯ ಕುರುಹುಗಳು ದೊರೆತಿವೆ. ಕರ್ನಾಟಕದ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಮೆಕ್ಕೆಜೋಳ ಹೇರಳವಾಗಿ ಬೆಳೆಯುತ್ತದೆ. ಆದರೆ ಹೊಲದಲ್ಲಿ ಸಾಮಾನ್ಯವಾಗಿ ಬೆಳೆಯುವ ತಳಿಯ ಕಾಳನ್ನು ಬಾಣಲೆಗೆ ಹಾಕಿದರೆ ಅದು ಕಂದುವುದೇ ಹೊರತು ಹೂವಾಗುವುದಿಲ್ಲ. ಅರಳುವ ತಳಿಯೇ ಬೇರೆ. ಅದರ ಕಾಳು ಚಿಕ್ಕದು, ಸಿಪ್ಪೆ ಬಿಗಿ, ಒಳಗಿನ ಪಿಷ್ಟ ಗಟ್ಟಿ.

ಅದು ಅರಳುವ ಬಗೆಯೂ ಸೋಜಿಗದ್ದು. ಒಳ್ಳೆಯ ಕಾಳಿನೊಳಗೆ ನೂರಕ್ಕೆ ಸುಮಾರು 14 ಪಾಲು ನೀರಿನಂಶವಿರುತ್ತದೆ. ಕಾವೇರಿದಂತೆ ಆ ನೀರು ಆವಿಯಾಗಲು ಹವಣಿಸುತ್ತದೆ. ಗಟ್ಟಿಯಾದ ಸಿಪ್ಪೆ ಅದನ್ನು ಬಿಡುವುದಿಲ್ಲ. ಹೀಗೆ ಒತ್ತಡ ಹೆಚ್ಚುತ್ತ ಹೋಗಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಿಪ್ಪೆ ಸೋಲುತ್ತದೆ. ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ ಹೊರಕ್ಕೆ ಚಿಮ್ಮಿ, ಗಾಳಿ ತಗುಲಿದೊಡನೆ ಗಟ್ಟಿಯಾಗಿ ನಿಲ್ಲುತ್ತದೆ. 'ಪಟ್' ಎಂಬ ಸದ್ದು ಸಿಪ್ಪೆ ಒಡೆದುದರಿಂದ ಬರುವುದಲ್ಲ, ಬಂಧನದಲ್ಲಿದ್ದ ಆವಿ ಒಮ್ಮೆಲೇ ಬಿಡುಗಡೆಯಾದುದರಿಂದ ಬರುವುದು ಎಂದು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಕಾಳು ಹಳೆಯದಾಗಿ ಒಣಗಿದರೆ, ಅಥವಾ ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಒತ್ತಡ ನಿಲ್ಲುವುದಿಲ್ಲ. ಕಾಳು ಕಾಳಾಗಿಯೇ ತಳದಲ್ಲಿ ಉಳಿಯುತ್ತದೆ.

ಚಿತ್ರಮಂದಿರಕ್ಕೆ ಹೋಗಿ ಮನೆಗೆ ಮರಳಿದ ತಿನಿಸು

ಈ ತಿನಿಸಿಗೂ ಚಲನಚಿತ್ರಕ್ಕೂ ನಂಟು ಬೆಳೆದುದು ಅಮೆರಿಕದಲ್ಲಿ. 1893ರ ಚಿಕಾಗೋ ವಿಶ್ವಪ್ರದರ್ಶನದಲ್ಲಿ ಚಾರ್ಲ್ಸ್ ಕ್ರೆಟರ್ಸ್ ಎಂಬಾತ ಆವಿಯಿಂದ ನಡೆಯುವ, ಚಕ್ರಗಳ ಮೇಲೆ ತಳ್ಳಿಕೊಂಡು ಹೋಗಬಹುದಾದ ಯಂತ್ರವನ್ನು ಪ್ರದರ್ಶಿಸಿದ. ಆದರೆ ಚಿತ್ರಮಂದಿರದವರು ಮೊದಮೊದಲು ಅದನ್ನು ಒಳಗೆ ಸೇರಿಸಲಿಲ್ಲ. ನೆಲಕ್ಕೆ ರತ್ನಗಂಬಳಿ ಹಾಸಿದ ಮಂದಿರ; ಮೂಕಿಚಿತ್ರದ ಮೌನದಲ್ಲಿ ಯಾರಾದರೂ ಕುರುಕುರು ಎಂದು ಜಗಿದರೆ ಹೇಗೆ? ವಾಕ್ಚಿತ್ರ ಬಂದು ಆ ಸದ್ದನ್ನು ಮುಚ್ಚಿತು. ಅನಂತರ ಬಂದುದು 1930ರ ದಶಕದ ಮಹಾ ಆರ್ಥಿಕ ಮುಗ್ಗಟ್ಟು. ಕೈಯಲ್ಲಿ ಕಾಸಿಲ್ಲದ ಜನಕ್ಕೆ ಐದು ಹತ್ತು ಸೆಂಟುಗಳಿಗೆ ಒಂದು ಚೀಲ ಸಿಕ್ಕುತ್ತಿದ್ದ ಈ ತಿನಿಸೇ ಔತಣವಾಯಿತು. ಚಿತ್ರಮಂದಿರಗಳಿಗೆ ಅದೇ ಆಸರೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದು ಮಿಠಾಯಿಗಳು ಮರೆಯಾದಾಗ, ಉಪ್ಪು ಬೆರೆಸಿದ ಅರಳಿನ ಆಸನ ಭದ್ರವಾಯಿತು. ಯುದ್ಧಾನಂತರ ದೂರದರ್ಶನ ಜನರನ್ನು ಮನೆಯಲ್ಲಿಯೇ ಹಿಡಿದು ಕೂಡಿಸಿದಾಗ ಈ ತಿನಿಸೂ ಅವರ ಹಿಂದೆಯೇ ಅಡಿಗೆಮನೆಗೆ ಬಂದಿತು. ಎಂದರೆ, ಮನೆಯ ಒಲೆಯ ಮೇಲೆ ಅರಳಿಸಿ ಮನೆಯವರೆಲ್ಲ ಕೂಡಿ ಚಿತ್ರ ನೋಡುವ ಪದ್ಧತಿಗೆ ಮುಕ್ಕಾಲು ಶತಮಾನದ ವಯಸ್ಸಾಗಿದೆ.

ಭಾರತದಲ್ಲಿ ಈ ಹಗುರವಾದ ತಿನಿಸು ದೊಡ್ಡ ದೊಡ್ಡವರ ಚರ್ಚೆಗೂ ಗುರಿಯಾಗಿದೆ. 2024ರ ಡಿಸೆಂಬರ್ ತಿಂಗಳಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಸರಕು ಮತ್ತು ಸೇವಾ ತೆರಿಗೆ ಮಂಡಳಿಯು, ಉಪ್ಪು ಮಸಾಲೆ ಬೆರೆಸಿ ಬಿಡಿಯಾಗಿ ಮಾರಿದ ಪಾಪ್‌ಕಾರ್ನಿಗೆ ನೂರಕ್ಕೆ 5, ಪೊಟ್ಟಣ ಕಟ್ಟಿ ಹೆಸರು ಅಂಟಿಸಿದುದಕ್ಕೆ 12, ಸಕ್ಕರೆಯ ಪಾಕ ಹಾಕಿದುದಕ್ಕೆ 18ರಂತೆ ತೆರಿಗೆಯೆಂದು ವಿವರಣೆ ನೀಡಿತು. ನಾಡೆಲ್ಲ ನಕ್ಕಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ತೆರಿಗೆಯ ಹಂತಗಳೇ ಮಾರ್ಪಟ್ಟವು. ಮನೆಯ ಒಲೆಯ ಮೇಲಾದರೋ ಉಪ್ಪು ಹಾಕಿದರೂ ಒಂದೇ, ಬೆಲ್ಲ ಹಾಕಿದರೂ ಒಂದೇ, ಲೆಕ್ಕ ಕೇಳುವವರಿಲ್ಲ.

ಅರಳಿಸುವ ಕ್ರಮ

ನಾಲ್ಕೈದು ಜನರಿಗೆ ಅರ್ಧ ಲೋಟ, ಎಂದರೆ ಸುಮಾರು 100 ಗ್ರಾಂ ಕಾಳು ಧಾರಾಳವಾಗಿ ಸಾಕು. ಕಾಳು ತನ್ನ ಗಾತ್ರದ ಇಪ್ಪತ್ತು ಪಟ್ಟಿಗೂ ಮಿಕ್ಕಿ ಹಿಗ್ಗುವುದರಿಂದ ಪಾತ್ರೆ ದೊಡ್ಡದಾಗಿರಬೇಕು, ತಳ ದಪ್ಪವಾಗಿರಬೇಕು. ಮೂರು ದೊಡ್ಡ ಚಮಚ ಎಣ್ಣೆ ಹಾಕಿ, ಮೂರೇ ಮೂರು ಕಾಳುಗಳನ್ನು ಬಿಟ್ಟು ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ ಕಾಯಬೇಕು. ಮೂರೂ ಸಿಡಿದವೆಂದರೆ ಎಣ್ಣೆ ಹದಕ್ಕೆ ಬಂದಿದೆಯೆಂದು ಅರ್ಥ. ಆಗ ಉಳಿದ ಕಾಳುಗಳನ್ನು ಹಾಕಿ, ಮುಚ್ಚಳವನ್ನು ಆವಿ ಹೋಗುವಷ್ಟು ಮಾತ್ರ ಓರೆಯಾಗಿಟ್ಟು, ಆಗಾಗ ಪಾತ್ರೆಯನ್ನು ಅಲುಗಿಸುತ್ತಿರಬೇಕು. ಆವಿ ಒಳಗೇ ನಿಂತರೆ ಅರಳು ಗರಿಗರಿಯಾಗದೆ ಮೆತ್ತಗಾಗುತ್ತದೆ. ಎರಡು ಸದ್ದುಗಳ ನಡುವೆ ಎರಡು ಮೂರು ಸೆಕೆಂಡುಗಳ ಅಂತರ ಬಿದ್ದಕೂಡಲೇ ಇಳಿಸಬೇಕು. ಕೊನೆಯ ಕಾಳೂ ಅರಳಲೆಂದು ಕಾಯುವ ಲೋಭಿಗೆ ದಕ್ಕುವುದು ಸೀದ ವಾಸನೆ. ಪ್ರೆಷರ್ ಕುಕ್ಕರನ್ನು ಬಳಸುವವರು ಅದರ ಮುಚ್ಚಳವನ್ನು ಎಂದಿಗೂ ಬಿಗಿಯಬಾರದು. ಕುಕ್ಕರಿನ ಮೇಲೆ ಬೇರೊಂದು ತಟ್ಟೆಯನ್ನು ಮುಚ್ಚುವುದೇ ಕ್ಷೇಮ.

ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಒಣಗಿಹೋಗಿ ಅರ್ಧಕ್ಕರ್ಧ ಅರಳದೆ ಉಳಿಯುತ್ತಿದ್ದರೆ, ಡಬ್ಬಿಗೆ ಒಂದು ಚಮಚ ನೀರು ಚಿಮುಕಿಸಿ ಚೆನ್ನಾಗಿ ಕುಲುಕಿ ಮುಚ್ಚಿ, ಮೂರು ನಾಲ್ಕು ದಿನ ಬಿಟ್ಟು ಪ್ರಯತ್ನಿಸಬಹುದು. ಹೋದ ಪಸೆ ಮರಳಿದರೆ ಹೋದ ಪ್ರಾಣವೂ ಮರಳುತ್ತದೆ.

ಇನ್ನು ರುಚಿ. ಅಂಗಡಿಯ ಪೊಟ್ಟಣದಲ್ಲಿ ಬೆಣ್ಣೆಯ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಬೆಣ್ಣೆಯಿರಬೇಕೆಂದಿಲ್ಲ. 2000ದಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಕೆಲವರಿಗೆ ತೀವ್ರವಾದ ಶ್ವಾಸಕೋಶದ ರೋಗ ಕಾಣಿಸಿಕೊಂಡು, ಅದು ಬೆಣ್ಣೆಯ ಪರಿಮಳಕ್ಕಾಗಿ ಬಳಸುತ್ತಿದ್ದ ಡಯಾಸಿಟೈಲ್ ಎಂಬ ದ್ರವ್ಯದ ಆವಿಯನ್ನು ಸೇವಿಸಿದುದರ ಫಲವೆಂದು ಅನಂತರ ತಿಳಿದುಬಂದಿತು. ಮನೆಯಲ್ಲಿ ಕಾಸಿದ ತುಪ್ಪವಿರುವಾಗ ಕೃತಕ ಪರಿಮಳದ ಹಂಗೇಕೆ? ಒಂದೇ ಸೂತ್ರವನ್ನು ನೆನಪಿಟ್ಟರಾಯಿತು: ಮೊದಲು ಜಿಡ್ಡು, ಆಮೇಲೆ ಪುಡಿ. ಬಿಸಿ ಅರಳಿನ ಮೇಲೆ ಕರಗಿದ ತುಪ್ಪವನ್ನು ತೆಳ್ಳಗೆ ಹರಡಿ, ತರುವಾಯ ನುಣ್ಣಗೆ ಅರೆದ ಉಪ್ಪನ್ನೂ ಪುಡಿಯನ್ನೂ ಉದುರಿಸಿದರೆ ಹತ್ತಿಕೊಳ್ಳುತ್ತದೆ. ಹರಳುಪ್ಪು ತಳ ಸೇರುತ್ತದೆ. ನೀರಿನಂಶವಿರುವ ಯಾವುದನ್ನು ಹಾಕಿದರೂ ಅರಳು ಕುಗ್ಗುತ್ತದೆ.

ಚಿತ್ರಕ್ಕೆ ತಕ್ಕ ರುಚಿ

ಚಿತ್ರಕ್ಕೂ ರುಚಿಗೂ ಗಂಟುಹಾಕುವುದು ಒಂದು ವಿನೋದ. ಅದರಿಂದ ಸಂಜೆಗೆ ಒಂದು ಹೆಸರು ಬರುತ್ತದೆ, ಮಕ್ಕಳಿಗೆ ಒಂದು ಕುತೂಹಲ ಹುಟ್ಟುತ್ತದೆ.

ಸಿದ್ದಲಿಂಗಯ್ಯನವರು ನಿರ್ದೇಶಿಸಿದ 'ಭೂತಯ್ಯನ ಮಗ ಅಯ್ಯು' 1974ರ ಚಿತ್ರ. ಅದರಲ್ಲಿ ಲೋಕನಾಥರ ಉಪ್ಪಿನಕಾಯಿಯ ಪ್ರಸಂಗವನ್ನು ನೋಡಿ ಬಾಯಲ್ಲಿ ನೀರೂರದವರಿಲ್ಲ. ಆ ರಾತ್ರಿಗೆ ಉಪ್ಪಿನಕಾಯಿಯ ಪುಡಿಯೇ ತಕ್ಕದ್ದು. ಒಂದು ಚಮಚ ಸಾಸಿವೆ, ಕಾಲು ಚಮಚ ಮೆಂತ್ಯವನ್ನು ಹದವಾಗಿ ಹುರಿದು, ಎರಡು ಚಮಚ ಮೆಣಸಿನಕಾಯಿ ಪುಡಿ, ಒಣಗಿದ ಮಾವಿನಕಾಯಿಯ ಪುಡಿ, ಉಪ್ಪು, ಚಿಟಿಕೆ ಇಂಗು, ಅರಿಸಿನ ಸೇರಿಸಿ ನುಣ್ಣಗೆ ಮಾಡಿಟ್ಟುಕೊಂಡರೆ ಹಲವು ವಾರಗಳಿಗೆ ಆಗುತ್ತದೆ.

1972ರ 'ನಾಗರಹಾವು' ಚಿತ್ರದುರ್ಗದ ಕೋಟೆಯ ಕಥೆ, ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದುದು. ದುರ್ಗದ ನೆರೆಯ ದಾವಣಗೆರೆ ಮಂಡಕ್ಕಿಗೆ ಹೆಸರಾದ ಊರು. ಅಲ್ಲಿಯ ಮಂಡಕ್ಕಿಯ ಮಾದರಿಯಲ್ಲಿ ಹುರಿಗಡಲೆಯ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಉಪ್ಪು, ಚಿಟಿಕೆ ಸಕ್ಕರೆ, ಎಣ್ಣೆಯಲ್ಲಿ ಕೆಂಪಗೆ ಹುರಿದು ಜಜ್ಜಿದ ಬೆಳ್ಳುಳ್ಳಿ ಸೇರಿಸಿದರೆ, ರಾಮಾಚಾರಿಯ ಮುಂಗೋಪಕ್ಕೆ ಸರಿಸಮನಾದ ಖಾರ ಸಿದ್ಧ. ಬಿ. ಸರೋಜಾದೇವಿಯವರು ಅಭಿನಯಿಸಿದ 1961ರ 'ಕಿತ್ತೂರು ಚೆನ್ನಮ್ಮ'ನಿಗೆ ಆ ಸೀಮೆಯದೇ ಆದ ಶೇಂಗಾ ಚಟ್ನಿಪುಡಿ. ವಠಾರದ ಗದ್ದಲವನ್ನೆಲ್ಲ ತುಂಬಿಕೊಂಡ 1990ರ 'ಗಣೇಶನ ಮದುವೆ'ಗೆ ಕರಿಬೇವು, ಒಣಕೊಬ್ಬರಿ, ಕಡಲೆಬೇಳೆಯ ಚಟ್ನಿಪುಡಿ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಸಣ್ಣ ಸಣ್ಣ ಕಥೆಗಳ ಮಾಲೆಯಾದುದರಿಂದ ಬೇಗ ನಿದ್ದೆ ಬರುವ ಮಕ್ಕಳಿಗೆ ಒಪ್ಪುತ್ತದೆ. ಮಲೆನಾಡಿನ ಕಾಳುಮೆಣಸಿನ ಪುಡಿ, ತುಪ್ಪ, ಉಪ್ಪು ಇಷ್ಟೇ ಅದಕ್ಕೆ ಸಾಕು.

1972ರ 'ಬಂಗಾರದ ಮನುಷ್ಯ'ನಿಗೆ ಮಾತ್ರ ಬೆಲ್ಲವೇ ಆಗಬೇಕು. ಟಿ.ಕೆ. ರಾಮರಾಯರ ಕಾದಂಬರಿಯಿಂದ ಮೂಡಿದ ಈ ಚಿತ್ರದಲ್ಲಿ ರಾಜಕುಮಾರರ ರಾಜೀವ, ಬರಡು ನೆಲವನ್ನು ಹೊನ್ನಿನ ನೆಲವನ್ನಾಗಿ ಮಾಡಿ, ಕೊನೆಗೆ ಎಲ್ಲವನ್ನೂ ಬಿಟ್ಟು ನಡೆಯುತ್ತಾನೆ. ಮುಕ್ಕಾಲು ಲೋಟ ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ, ಎರಡು ಚಮಚ ತುಪ್ಪದೊಡನೆ ಕುದಿಸಬೇಕು. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಗಟ್ಟಿಯಾಗಿ, ಬಟ್ಟಲಿಗೆ ಹೊಡೆದಾಗ ಟಣ್ ಎನ್ನಬೇಕು. ಕಡಲೆಮಿಠಾಯಿಗೆ ಹಿಡಿಯುವ ಪಾಕವೇ ಇದು. ಚಿಟಿಕೆ ಅಡಿಗೆಸೋಡ ಹಾಕಿದರೆ ಪಾಕ ನೊರೆಯೆದ್ದು ಹಗುರವಾಗಿ ಹತ್ತುತ್ತದೆ. ಹುರಿದ ಎಳ್ಳು, ಏಲಕ್ಕಿ ಸೇರಿಸಿ, ಅರಳನ್ನು ಸುರಿದು ಎರಡು ಸೌಟುಗಳಿಂದ ಕಲಸಿ, ತುಪ್ಪ ಸವರಿದ ತಟ್ಟೆಯಲ್ಲಿ ಹರಡಬೇಕು. ಕುದಿಯುವ ಪಾಕ ಕೈಗೆ ತಗುಲಿದರೆ ಬೊಬ್ಬೆಯೇಳುವುದು ಖಂಡಿತ. ಮಕ್ಕಳನ್ನು ಈ ಕೆಲಸದಿಂದ ದೂರವಿಡಬೇಕು.

ಎಲ್ಲರಿಗೂ ಒಂದೇ ಬಟ್ಟಲು ಸಲ್ಲದು

ಸಂತೋಷದ ನಡುವೆ ಎಚ್ಚರ ತಪ್ಪಬಾರದು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಈ ಅರಳನ್ನು ಕೊಡಲೇಬಾರದೆಂಬುದು ಮಕ್ಕಳ ವೈದ್ಯರ ಸ್ಪಷ್ಟ ಅಭಿಪ್ರಾಯ. ಹಗುರವಾದ ಚೂರು ಉಸಿರಿನೊಡನೆ ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಕತ್ತಲೆಯಲ್ಲಿ, ಎಲ್ಲರ ಕಣ್ಣು ತೆರೆಯ ಮೇಲಿರುವಾಗ, ಅದು ಯಾರಿಗೂ ತಿಳಿಯದೆಯೂ ಹೋಗಬಹುದು. ನುಂಗಲು ಕಷ್ಟಪಡುವ ಮುದುಕರಿಗೂ ಇದು ಸಲ್ಲದು. ಕಟ್ಟಿಸಿದ ಹಲ್ಲುಗಳ ಸಂದಿಗೆ ಸಿಪ್ಪೆ ಸೇರಿದರೆ ಇಡೀ ಚಿತ್ರದ ಸುಖ ಹಾಳು. ರಕ್ತದೊತ್ತಡವುಳ್ಳವರು ಉಪ್ಪನ್ನು ಅಳೆದೇ ಹಾಕಬೇಕು; ದಿನವೊಂದಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಧುಮೇಹಿಗಳಿಗೆ ಬೆಲ್ಲದ ಪಾಕ ಕಣ್ಣಿಗೆ ಮಾತ್ರ ಹಬ್ಬ.

ಹಾಗೆಂದು ಅವರನ್ನು ಪಂಕ್ತಿಯಿಂದ ಹೊರಗಿಡಬೇಕೆ? ಕೂಡದು. ಹೊಟ್ಟನ್ನು ಚೆನ್ನಾಗಿ ಆರಿಸಿದ ಭತ್ತದ ಅರಳು ಬಾಯಲ್ಲಿಟ್ಟರೆ ಕರಗುವಷ್ಟು ಮೆದು. ಹಲ್ಲಿಲ್ಲದ ಅಜ್ಜಿಗೆ ಅದನ್ನೇ ತುಪ್ಪ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಕಲಸಿಕೊಟ್ಟರಾಯಿತು. ಪುಟ್ಟ ಮಗುವಿಗೆ ಹಾಲಿನಲ್ಲಿ ಪೂರ್ತಿ ನೆನೆದ ಅರಳು. ಬಟ್ಟಲು ಬೇರೆಯಾದರೂ ಒಗ್ಗರಣೆ ಒಂದೇ ಆಗಿದ್ದರೆ, ಯಾರಿಗೂ ತಾನು ಬೇರೆ ಎನಿಸುವುದಿಲ್ಲ.

ಸಂಜೆಯ ಶಿಸ್ತು

ಇಷ್ಟಾದರೂ ಶಿಸ್ತಿಲ್ಲದೆ ಸಂಜೆ ಸೊಗಸಾಗದು. ಚಿತ್ರ ಆರಿಸುವ ಹಕ್ಕು ಸರದಿಯಂತೆ ಒಬ್ಬೊಬ್ಬರಿಗೆ ಬರಬೇಕು. ಒಬ್ಬರು ಆರಿಸಿದುದನ್ನು ಉಳಿದವರು ಗೊಣಗದೆ ನೋಡಬೇಕು. ಆಯ್ಕೆ ಬುಧವಾರವೇ ಪ್ರಕಟವಾದರೆ ಮೂರು ದಿನಗಳ ನಿರೀಕ್ಷೆ ತಾನಾಗಿಯೇ ಮರಳಿ ಬರುತ್ತದೆ. ಕೈಫೋನುಗಳೆಲ್ಲ ಒಂದು ಬುಟ್ಟಿ ಸೇರಲಿ. ಕೆಲಸವೂ ಹಂಚಿಕೆಯಾಗಲಿ: ಒಬ್ಬರು ಪುಡಿ ಕುಟ್ಟಲಿ, ಒಬ್ಬರು ಅರಳಿಸಲಿ, ಒಬ್ಬರು ಚಾಪೆ ಹಾಸಲಿ. ಗೃಹಿಣಿಯೊಬ್ಬಳೇ ಒಲೆಯ ಮುಂದೆ ನಿಂತು, ಉಳಿದವರು ತೆರೆಯ ಮುಂದೆ ಕುಳಿತರೆ, ಅದು ಕುಟುಂಬದ ಸಂಜೆಯಾಗದು. ಅವಳಿಗೆ ಮತ್ತೊಂದು ಹೊತ್ತಿನ ಅಡಿಗೆಯಾಗುತ್ತದೆ, ಅಷ್ಟೆ. ಕಿವಿ ಮಂದವಾದವರಿಗೆ ಮುಂದಿನ ಸ್ಥಾನ. ಅಕ್ಷರ ಓದಬಲ್ಲವರಿಗಾಗಿ ಉಪಶೀರ್ಷಿಕೆ. ನಡುವೆ ಹತ್ತು ನಿಮಿಷದ ವಿರಾಮವನ್ನು ಕಡ್ಡಾಯವಾಗಿ ಕೊಡಬೇಕು. ಚಿತ್ರ ಮುಗಿದ ಕೂಡಲೇ ದೀಪ ಆರಿಸಿ ಎದ್ದುಹೋಗದೆ, ಕಾಲುಗಂಟೆ ಕುಳಿತು ಮಾತನಾಡಬೇಕು. ಹಿಂದಿನವರಿಗೆ ಟಾಕೀಸಿನಿಂದ ಮನೆಗೆ ನಡೆಯುವ ದಾರಿ ಕೊಡುತ್ತಿದ್ದುದು ಆ ಕಾಲುಗಂಟೆಯನ್ನೇ.

ಮೊದಲು ಹೇಳಿದ ಆ ಮನೆಯಲ್ಲಿ ಮುಂದಿನ ಶನಿವಾರದ ಆಯ್ಕೆ ಅಜ್ಜಿಯದಾಯಿತು. ಬಹಳ ಹೊತ್ತು ಬೇಡವೆಂದರು, ಮೊಮ್ಮಗ ಬಿಡಲಿಲ್ಲ. ಕೊನೆಗೆ 'ಬಂಗಾರದ ಮನುಷ್ಯ' ಎಂದರು. ಬೆಲ್ಲದ ಪಾಕ ಹಿಡಿಯುವಾಗ ಟಣ್ ಎಂಬ ಹದವನ್ನು ಹೇಳಿಕೊಟ್ಟವರೂ ಅವರೇ. ರಾಜೀವ ಎಲ್ಲವನ್ನೂ ಬಿಟ್ಟು ನಡೆದುಹೋಗುವಾಗ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ದೀಪ ಹಾಕಿದ ಮೇಲೆ, ಮದುವೆಯಾದ ಹೊಸದರಲ್ಲಿ ಈ ಚಿತ್ರವನ್ನು ನೋಡಲು ಅಜ್ಜ ತಮ್ಮನ್ನು ಕರೆದುಕೊಂಡು ಹೋದುದನ್ನೂ, ಟಿಕೆಟು ಸಿಗದೆ ಎರಡು ಸಲ ಹಿಂದಿರುಗಿದುದನ್ನೂ, ಮೂರನೆಯ ಸಲ ಒಳಗೆ ಹೋದಾಗ ಕೊನೆಯಲ್ಲಿ ಅಜ್ಜ ಮುಖ ತಿರುಗಿಸಿಕೊಂಡು ಕಣ್ಣೊರಸಿಕೊಂಡುದನ್ನೂ ಅಜ್ಜಿ ಹೇಳಿದರು. ಅಜ್ಜ ಅತ್ತುದನ್ನು ಆ ಮನೆಯಲ್ಲಿ ಯಾರೂ ಕಂಡವರಲ್ಲ. ಅವರ ಮಗನೂ, ಈಗಿನ ಯಜಮಾನರೂ, ಅದನ್ನು ಕೇಳಿದುದು ಅದೇ ಮೊದಲು.

ಆಮೇಲಿನ ವಾರಗಳಲ್ಲಿ ಕ್ರಿಕೆಟ್ಟಿನ ದಿನ ಒಂದೆರಡು ಸಲ ಸಂಜೆ ತಪ್ಪಿತು. ಪರೀಕ್ಷೆಯ ತಿಂಗಳಲ್ಲಿ ಪೂರ್ತಿ ನಿಂತಿತು. ಮನೆಯೆಂದ ಮೇಲೆ ಅದೆಲ್ಲ ಇದ್ದದ್ದೇ. ಆದರೆ ಈಗ ಶುಕ್ರವಾರ ಬಂದರೆ, ಯಾರಿಗೂ ತೊಂದರೆ ಕೊಡಬಾರದೆಂದು ಸುಮ್ಮನಿರುತ್ತಿದ್ದ ಅಜ್ಜಿ, ನಡುಮನೆಯಿಂದಲೇ ಗಟ್ಟಿಯಾಗಿ ಕೇಳುತ್ತಾರೆ: "ಡಬ್ಬೀಲಿ ಜೋಳ ಇದೆಯೇನೋ, ನೋಡ್ರೋ!"